ನೆಲದ ಟಿಕೀಟು



ಒಂದು ಸಿನಿಮಾ ಟಾಕೀಸು ಮುಚ್ಚಿತು ಅಂದರೆ ನಮ್ಮ ಸಭೆಗಳಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಭೂಮಿಯ ಪ್ರಶ್ನೆ ಇದೆ, ಬಗರ್ ಹುಕುಂ ಅರ್ಜಿ ಕೊಳೀತಾ ಬಿದ್ದಿದೆ, ಸ್ಕಾಲರ್‌ಶಿಪ್ ಬಂದಿಲ್ಲ, ಹಾಸ್ಟೆಲಿನ ಸಾರಿನಲ್ಲಿ ಬೇಳೆ ಹುಡುಕಬೇಕು. ಇದರ ಮಧ್ಯೆ ಸಿನಿಮಾ ಮಾತು ತೆಗೆದರೆ ಹಿರಿಯರು ನಕ್ಕುಬಿಡ್ತಾರೆ. "ಹೊಟ್ಟೆಗೆ ಹಿಟ್ಟಿಲ್ಲ, ಇವನಿಗೆ ಬಯಾಸ್ಕೋಪ್ ಚಿಂತೆ" ಅಂತಾರೆ. ಕಳೆದ ಸಲ ಈ ವಿಷಯ ಬರೀತೀವಿ ಅಂದಾಗ ನಮ್ಮಲ್ಲೇ ಒಬ್ಬರು ಹೇಳಿದರು: ಸಿನಿಮಾ ಅನ್ನೋದು ಹೆಂಡದಂಗೆ, ಅಂಗಡಿ ಮುಚ್ಚಿದರೆ ಒಳ್ಳೇದೇ ಆಯ್ತು ಬಿಡಿ.

ನಾವು ಹಾಗೆ ತಿಳಿದಿಲ್ಲ. ಯಾಕೆ ಅಂತ ಹೇಳ್ತೀವಿ.

ಈ ಪತ್ರಿಕೆಯ ಕೆಲಸ ಮಾಡುವ ನಮ್ಮಲ್ಲಿ ತಲೆ ನೆರೆತವರೂ ಇದ್ದೇವೆ, ಇವತ್ತು ಹಾಸ್ಟೆಲಿನಲ್ಲಿ ಓದುತ್ತಿರುವವರೂ ಇದ್ದೇವೆ. ತಲೆ ನೆರೆತವರು ಅರಸೀಕೆರೆ, ಬಾಣಾವರ, ಜಾವಗಲ್, ಹಳೇಬೀಡು, ಬೇಲೂರು ಸೀಮೆಯಲ್ಲಿ ಟೂರಿಂಗ್ ಟಾಕೀಸಿನ ನೆಲದ ಮೇಲೆ ಕೂತು ಸಿನಿಮಾ ಕಂಡವರು. ಚಿಕ್ಕವರು ಕಂಬಳಿ ಹೊದ್ದುಕೊಂಡು ಫೋನಿನಲ್ಲಿ ಕಂಡವರು. ನಮ್ಮ ನಮ್ಮೊಳಗೆ ಜಗಳವಾಗಿ, ಆ ಜಗಳದಿಂದಲೇ ಈ ಬರಹ ಹುಟ್ಟಿತು.

ಟೆಂಟು ಅಂದರೆ ಏನು ಅಂತ ಚಿಕ್ಕವರಿಗೆ ಹೇಳಬೇಕು. ಸುಗ್ಗಿ ಮುಗಿದ ಮೇಲೆ ಊರಾಚೆ ಬಯಲಿನಲ್ಲಿ ಕಂಬ ನೆಟ್ಟು, ಡೇರೆ ಬಟ್ಟೆ ಎಳೆದು, ಒಂದು ಕಡೆ ಬಿಳಿ ಪರದೆ, ಇನ್ನೊಂದು ಕಡೆ ತಗಡಿನ ಗೂಡಿನಲ್ಲಿ ಮಿಷನ್ನು. ಮಳೆ ಹಿಡಿದರೆ ಟೆಂಟು ಕೀಳುತ್ತಿತ್ತು. ಮುಂದೆ ನೆಲ, ಹಿಂದೆ ಬೆಂಚು, ಅದರ ಹಿಂದೆ ಕುರ್ಚಿ. ನೆಲಕ್ಕೆ ನಾಲ್ಕಾಣೆ ಎಂಟಾಣೆಯಲ್ಲಿ ಮುಗಿಯುತ್ತಿತ್ತು. ಹೆಂಗಸರಿಗೆ ಒಂದು ಪಕ್ಕ, ಗಂಡಸರಿಗೆ ಒಂದು ಪಕ್ಕ, ನಡುವೆ ಮೋಟುಗೋಡೆ ಇಲ್ಲವೇ ಹಗ್ಗ. ಮುಂದೆ ಕೂತವನ ತಲೆ ಅಡ್ಡ ಬಂದರೆ ಮರಳನ್ನು ಗುಪ್ಪೆ ಮಾಡಿ ಅದರ ಮೇಲೆ ಕೂರುತ್ತಿದ್ದೆವು. ಹಿಂದಿನವನು ಇನ್ನೂ ದೊಡ್ಡ ಗುಪ್ಪೆ ಮಾಡುತ್ತಿದ್ದ. ಮಿಷನ್ನು ಒಂದೇ ಇದ್ದರೆ ಪ್ರತಿ ರೀಲಿಗೂ ದೀಪ ಹತ್ತುತ್ತಿತ್ತು. ಹತ್ತು ಹನ್ನೊಂದು ನಿಮಿಷಕ್ಕೆ ಒಂದು ಸಾವಿರ ಅಡಿಯ ರೀಲು ಮುಗೀತದೆ. ಅಷ್ಟರೊಳಗೆ ಕಡಲೆಕಾಯಿ ಮಾರುವವನು ನಾಯಕಿಯ ಕಣ್ಣೀರಿನ ಮುಂದೆ ಹಾದುಹೋಗುತ್ತಿದ್ದ.

ಆಟ ಶುರುವಾಗುವ ಮುಂಚೆ ಮೈಕಿನಲ್ಲಿ ಘಂಟಸಾಲರು ಹಾಡಿದ ವೆಂಕಟೇಶ್ವರನ ಹಾಡು ಹಾಕುತ್ತಿದ್ದರು. ಕರ್ನಾಟಕದ ಯಾವ ಟೆಂಟಿಗೆ ಹೋದರೂ ಅದೇ ಹಾಡು. ಎರಡು ಮೈಲಿ ದೂರದ ಕೇರಿಗೂ ಕೇಳುತ್ತಿತ್ತು. ಅದು ಕೇಳಿದ ಕೂಡಲೇ ಅರ್ಧ ಮುದ್ದೆ ನುಂಗಿ ಎದ್ದು ಓಡುತ್ತಿದ್ದೆವು. ಈಗ ಯೋಚಿಸಿದರೆ ನಗು ಬರುತ್ತದೆ. ಗುಡಿಯಲ್ಲಿ ನಮ್ಮನ್ನು ಗರುಡಗಂಬದಾಚೆ ನಿಲ್ಲಿಸಿದ ದೇವರು, ಟೆಂಟಿನ ಮೈಕಿನಲ್ಲಿ ಮಾತ್ರ "ಬನ್ರೋ ಒಳಕ್ಕೆ" ಅಂತ ಕರೀತಿದ್ದ!

ಇದು ಬರೀ ತಮಾಷೆಯ ಮಾತಲ್ಲ. ಬೇಲೂರಿನ ಚೆನ್ನಕೇಶವ ಗುಡಿ 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ್ದು. ಆ ಗುಡಿಗೆ ವರ್ಷದಲ್ಲಿ ಗೊತ್ತುಮಾಡಿದ ಕೆಲವು ದಿನ ಮಾತ್ರ ಹೊಲೆಯರು ಒಳಗೆ ಬರಬಹುದಿತ್ತು ಅಂತ ಬ್ರಿಟಿಷರ ಕಾಲದ ಮೈಸೂರು ಗೆಜೆಟಿಯರಿನಲ್ಲಿ ರೈಸ್ ಸಾಹೇಬರು ಬರೆದಿದ್ದಾರೆ. ಮೇಲುಕೋಟೆಯಲ್ಲೂ ಅಂಥದೇ ಪದ್ಧತಿ. ಅದನ್ನು ರಾಮಾನುಜಾಚಾರ್ಯರ ಔದಾರ್ಯ ಅಂತ ಇವತ್ತಿಗೂ ಹೊಗಳುತ್ತಾರೆ. ವರ್ಷದ ಮುನ್ನೂರ ಅರವತ್ತು ಚಿಲ್ಲರೆ ದಿನ ಬಾಗಿಲು ಹಾಕಿ, ಉಳಿದ ಎರಡು ಮೂರು ದಿನ ತೆಗೆಯುವುದು ಔದಾರ್ಯವಾದರೆ, ದಿನಾ ರಾತ್ರಿ ಎರಡು ಆಟಕ್ಕೆ ಬಾಗಿಲು ತೆಗೆಯುತ್ತಿದ್ದ ಟೆಂಟಿನವನನ್ನು ಏನಂತ ಕರೆಯೋಣ? ಅವನು ಸಮಾಜ ಸುಧಾರಕನಲ್ಲ. ಅವನಿಗೆ ಬೇಕಾಗಿದ್ದು ನಾಲ್ಕಾಣೆ. ಆದರೆ ಆ ನಾಲ್ಕಾಣೆಗೆ ಜಾತಿ ಇರಲಿಲ್ಲ, ಅದು ಮುಖ್ಯ.

ತಮಿಳರ ವಿದ್ವಾಂಸ ಕಾರ್ತಿಗೇಸು ಶಿವತ್ತಂಬಿ ಈ ವಿಷಯವನ್ನು ಬಹಳ ಹಿಂದೆಯೇ ಎತ್ತಿ ಆಡಿದ್ದರು. ಎಲ್ಲ ಜಾತಿಯವರೂ ಒಂದೇ ಸೂರಿನಡಿ ಕೂತು ನೋಡಿದ ಮೊದಲ ಪ್ರದರ್ಶನ ಸ್ಥಳ ಸಿನಿಮಾ ಮಂದಿರ, ಅಲ್ಲಿ ಜಾಗ ಸಿಗುತ್ತಿದ್ದುದು ಹುಟ್ಟಿನಿಂದಲ್ಲ, ಕೊಟ್ಟ ಕಾಸಿನಿಂದ ಅನ್ನುವುದು ಅವರ ವಾದ. ಕನ್ನಡ ಸೀಮೆಗೂ ಈ ಮಾತು ಸಲ್ಲುತ್ತದೆ. ಊರ ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇಟ್ಟಿದ್ದ ಕಾಲದಲ್ಲಿ ಟೆಂಟಿನಲ್ಲಿ ಬೇರೆ ಪರದೆ ಇರಲಿಲ್ಲ. ಗೌಡರ ಮಗನೂ ಅದೇ ರಾಜಕುಮಾರನನ್ನೇ ನೋಡಬೇಕು, ನಾವೂ ಅವನನ್ನೇ ನೋಡಬೇಕು.

ಹಾಗಂತ ಟೆಂಟೇ ಸ್ವರ್ಗ ಅಂತ ಬರೆದರೆ ಸುಳ್ಳಾಗುತ್ತದೆ. ಕತ್ತಲಲ್ಲಿ ಯಾರ ಪಕ್ಕ ಯಾರು ಅಂತ ತಿಳಿಯದು ಸರಿ, ದೀಪ ಹತ್ತಿದ ಮೇಲೆ ತಿಳಿಯುತ್ತಿತ್ತು. ಕಾಸಿದ್ದ ನಮ್ಮ ಒಬ್ಬ ಚಿಕ್ಕಪ್ಪ ಒಂದು ದಿನ ಕುರ್ಚಿ ಟಿಕೀಟು ತಗೊಂಡು ಕೂತಿದ್ದಕ್ಕೆ, ಇಂಟರ್‌ವಲ್ಲಿನಲ್ಲಿ ಊರವರು ಸುಮ್ಮನೆ ಎದ್ದು ಬೇರೆ ಸಾಲಿಗೆ ಹೋದರು. ಯಾರೂ ಬೈಯಲಿಲ್ಲ. ಮಾರನೆಯ ದಿನ ಕೂಲಿಗೆ ಕರೆಯಲಿಲ್ಲ, ಅಷ್ಟೇ. ಆ ಚಿಕ್ಕಪ್ಪ ಮತ್ತೆ ನೆಲಕ್ಕೇ ಬಂದ. ಹೆಂಗಸರ ಕಡೆಯಂತೂ ನಮ್ಮ ತಾಯಂದಿರು ಮೂಲೆ ಹಿಡಿದೇ ಕೂರುತ್ತಿದ್ದರು. ಆದರೂ ಅವರು ಹೋಗುತ್ತಿದ್ದರು. ಗುಡಿಗೆ ಹೋಗುತ್ತಿರಲಿಲ್ಲ, ಟೆಂಟಿಗೆ ಹೋಗುತ್ತಿದ್ದರು. ಈ ವ್ಯತ್ಯಾಸ ಸಣ್ಣದಲ್ಲ.

ಇನ್ನೊಂದು ಮಾತು. ಟೆಂಟಿನಲ್ಲಿ ಹೊಸ ಸಿನಿಮಾ ಯಾವತ್ತೂ ಬರುತ್ತಿರಲಿಲ್ಲ. ಬೆಂಗಳೂರಿನ ಗಾಂಧಿನಗರದಲ್ಲಿ ಹಂಚಿಕೆದಾರರ ಆಫೀಸು. ಅಲ್ಲಿಂದ ಮೊದಲು ದೊಡ್ಡ ಪಟ್ಟಣಕ್ಕೆ, ಆಮೇಲೆ ಜಿಲ್ಲೆಗೆ, ಆಮೇಲೆ ತಾಲ್ಲೂಕಿಗೆ, ಎಲ್ಲಾ ಮುಗಿದು ಗೀರು ಬಿದ್ದು ತುಂಡಾಗಿ ಅಂಟು ಹಾಕಿದ ಮೇಲೆ ಟೆಂಟಿಗೆ. ಎ ಸೆಂಟರ್, ಬಿ ಸೆಂಟರ್, ಸಿ ಸೆಂಟರ್ ಅಂತ ಅವರೇ ಇಟ್ಟ ಹೆಸರು. ವರ್ಣಾಶ್ರಮ ಸಿನಿಮಾದಲ್ಲೂ ಇತ್ತು ನೋಡಿ! ಅರಸೀಕೆರೆ ಜಂಕ್ಷನ್ನು. ಹುಬ್ಬಳ್ಳಿ ಕಡೆಯ ರೈಲೂ ಅಲ್ಲೇ, ಹಾಸನ ಮೈಸೂರು ಕಡೆಯ ರೈಲೂ ಅಲ್ಲೇ. ತೆಂಗಿನಕಾಯಿ ಮೂಟೆಯ ಜೊತೆ ತಗಡಿನ ರೀಲುಪೆಟ್ಟಿಗೆಗಳೂ ಪ್ಲಾಟ್‌ಫಾರಂ ಮೇಲೆ ಬಿದ್ದಿರುತ್ತಿದ್ದವು. ಪೆಟ್ಟಿಗೆ ಮೇಲಿನ ಚೀಟಿ ಓದಿ, ಬರುವ ವಾರ ಯಾವ ಚಿತ್ರ ಅಂತ ಹಾಸ್ಟೆಲಿಗೆ ಸುದ್ದಿ ತರುವ ಹುಡುಗರು ನಮ್ಮಲ್ಲಿದ್ದರು.

ಬಡತನದ ದೆಸೆಯಿಂದ ಹೀಗೆ ಒಂದು ಒಳ್ಳೇದಾಯಿತು. ಹೊಸದನ್ನು ತರಿಸಲು ಕಾಸಿಲ್ಲದ ಟೆಂಟಿನವನು ಹಳೇದನ್ನೇ ಮತ್ತೆ ಮತ್ತೆ ತರಿಸುತ್ತಿದ್ದ. ಪ್ಯಾರಿಸ್ಸಿನಲ್ಲಿ ಆಂರಿ ಲಾಂಗ್ಲ್ವಾ ಎಂಬಾತ 1936ರಲ್ಲಿ ಗೆಳೆಯರ ಜೊತೆ ಸೇರಿ ಸಿನೆಮಾತೆಕ್ ಕಟ್ಟಿ, ಹಳೇ ಚಿತ್ರಗಳನ್ನು ಕೂಡಿಹಾಕಿ ತೋರಿಸಿದ. ಅದನ್ನು ನೋಡಿಯೇ ಅಲ್ಲಿ ಒಂದು ತಲೆಮಾರಿನ ನಿರ್ದೇಶಕರು ಹುಟ್ಟಿದರು ಅಂತಾರೆ. ಲಂಡನ್ನು, ನ್ಯೂಯಾರ್ಕಿನಲ್ಲಿ ಹಳೇ ಚಿತ್ರಗಳಿಗೆಂದೇ ಸಣ್ಣ ಮಂದಿರಗಳಿದ್ದವು. ನಮ್ಮ ಸೀಮೆಯಲ್ಲಿ ಆ ಕೆಲಸವನ್ನು ಹೆಸರಿಲ್ಲದೆ ಮಾಡಿದ್ದು ಟೆಂಟು ಮತ್ತು ತಾಲ್ಲೂಕು ಕೇಂದ್ರದ ಮುರುಕಲು ಟಾಕೀಸು. 1954ರ 'ಬೇಡರ ಕಣ್ಣಪ್ಪ'ನನ್ನು ಅದು ಬಂದು ಇಪ್ಪತ್ತು ವರ್ಷವಾದ ಮೇಲೆ ನೋಡಿದ್ದೇವೆ. 'ಸತ್ಯ ಹರಿಶ್ಚಂದ್ರ' ಎಷ್ಟು ಸಲವೋ ಲೆಕ್ಕವಿಲ್ಲ. ಅದರಲ್ಲಿ ರಾಜ ಸುಡುಗಾಡು ಕಾಯುವಾಗ ಊರವರು ಅಳುತ್ತಿದ್ದರು. ನಮ್ಮ ಕೇರಿಯಲ್ಲಿ ತಲೆಮಾರಿನಿಂದ ಸುಡುಗಾಡಿನ ಕೆಲಸ ಮಾಡಿದವರು ಅಳುತ್ತಿರಲಿಲ್ಲ, "ರಾಜನಿಗೆ ಒಂದು ದಿನ ಬಂದಿದ್ದಕ್ಕೇ ಇಷ್ಟು ಗೋಳಾ?" ಅನ್ನುತ್ತಿದ್ದರು. ಸಿನಿಮಾ ವಿಮರ್ಶೆ ಅಂದರೆ ಇದು. ಪತ್ರಿಕೆಯಲ್ಲಿ ಬರೆಯುವವರಿಗೆ ಹೊಳೆಯಲಿಲ್ಲ.

1972ರ 'ಬಂಗಾರದ ಮನುಷ್ಯ' ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿತು. ನಮ್ಮ ಕಡೆ ಬಂದಾಗ ನಾವೂ ನುಗ್ಗಿ ನೋಡಿದೆವು. ಕಲ್ಲುನೆಲ ಉತ್ತು ಬಂಗಾರ ಬೆಳೆಯುವ ರಾಜೀವಪ್ಪನನ್ನು ನೋಡಿ ಓದಿದ ಹುಡುಗರು ಹಳ್ಳಿಗೆ ವಾಪಸು ಹೋದರಂತೆ. ಹೋಗಲಿ, ಅವರಿಗೆ ಹೋಗಲು ಭೂಮಿಯಿತ್ತು. ನಮ್ಮ ಜೊತೆ ಕೂತಿದ್ದ ಒಬ್ಬ ಜೀತದಾಳು ಹೊರಗೆ ಬಂದು ಬೀಡಿ ಹಚ್ಚಿಕೊಂಡು ಕೇಳಿದ್ದು ಒಂದೇ ಮಾತು: "ಕಲ್ಲುನೆಲನೇ ಆಗ್ಲಿ, ಅವನಿಗೆ ಯಾರು ಕೊಟ್ರು?" ಗೊರೂರು ರಾಮಸ್ವಾಮಿ ಅಯ್ಯಂಗಾರರು ನಮ್ಮ ಹಾಸನ ಜಿಲ್ಲೆಯವರೇ. ಅವರ ಕಥೆಯಿಂದ ಸಿದ್ದಲಿಂಗಯ್ಯನವರು 1974ರಲ್ಲಿ ಮಾಡಿದ 'ಭೂತಯ್ಯನ ಮಗ ಅಯ್ಯು' ಬಂದಾಗ, ಸಾಲ ಕೊಟ್ಟು ಊರು ನುಂಗುವ ಭೂತಯ್ಯ ಯಾರ ಥರ ಇದ್ದಾನೆ ಅಂತ ಟೆಂಟಿನ ಒಳಗೇ ಗುಸುಗುಸು ಎದ್ದಿತ್ತು. ಕುರ್ಚಿಯಲ್ಲಿ ಕೂತಿದ್ದ ಕೆಲವರಿಗೆ ಅದು ಕೇಳಿಸಿತು ಕೂಡ.

ಈಗ ಹೇಳಿ, ಇದು ಹೆಂಡದಂಗಡಿಯೋ, ಶಾಲೆಯೋ?

ನಮ್ಮ ಬದುಕಿಗೆ ಇನ್ನೂ ಹತ್ತಿರದ ಒಂದು ರಾತ್ರಿ ಇದೆ. ಶಿವರಾಮ ಕಾರಂತರ 'ಚೋಮನ ದುಡಿ'ಯನ್ನು ಬಿ.ವಿ. ಕಾರಂತರು 1975ರಲ್ಲಿ ಚಿತ್ರ ಮಾಡಿದರು. ದೇಶದ ಅತ್ಯುತ್ತಮ ಚಿತ್ರ ಅಂತ ಸ್ವರ್ಣಕಮಲ ಬಂತು, ಚೋಮನಾಗಿ ನಟಿಸಿದ ಎಂ.ವಿ. ವಾಸುದೇವರಾವ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ಪ್ರಶಸ್ತಿ ಬಂದ ಚಿತ್ರ ನಮ್ಮ ಟಾಕೀಸಿಗೆ ಬರುವುದುಂಟೆ? ನಾವು ಅದನ್ನು ನೋಡಿದ್ದು ಹಾಸ್ಟೆಲಿನ ಅಂಗಳದಲ್ಲಿ, ಎರಡು ಬೆಡ್‌ಶೀಟು ಹೊಲಿದು ಗೋಡೆಗೆ ಕಟ್ಟಿ, ಯಾರೋ ಪುಣ್ಯಾತ್ಮರು ತಂದ 16 ಎಂಎಂ ಪ್ರೊಜೆಕ್ಟರಿನಲ್ಲಿ. ನಡುವೆ ಎರಡು ಸಲ ಕರೆಂಟು ಹೋಯಿತು. ಹೊಳೆಯಲ್ಲಿ ಮುಳುಗುತ್ತಿರುವ ಚೋಮನ ಮಗನನ್ನು ಮುಟ್ಟಬಾರದೆಂದು ದಡದಲ್ಲಿ ನಿಂತವರು ಸುಮ್ಮನೆ ನೋಡುವ ದೃಶ್ಯ ಬಂದಾಗ ಅಂಗಳದಲ್ಲಿ ಒಬ್ಬರೂ ಕೆಮ್ಮಲಿಲ್ಲ.

ಆಮೇಲೆ ಶುರುವಾಯಿತು ನೋಡಿ ಜಗಳ. ಚೋಮ ಯಾಕೆ ಸಾಯಬೇಕಾಗಿತ್ತು? ದುಡಿ ಬಡಿದು ಬಡಿದು ಸಾಯುವ ಬದಲು ಅದೇ ಕೈಯಲ್ಲಿ ಬೇರೇನಾದರೂ ಹಿಡೀಬಹುದಿತ್ತಲ್ಲ? ಬರೆದವರು ನಮ್ಮವರಲ್ಲ, ಅದಕ್ಕೇ ಸಾಯಿಸಿದರು ಅಂತ ಕೆಲವರು. ಇಲ್ಲ, 1933ರಲ್ಲೇ ಹೊಲೆಯನಿಗೆ ಭೂಮಿ ಯಾಕಿಲ್ಲ ಅಂತ ಕೇಳಿದ ಪುಸ್ತಕ ಅದು, ಹಗುರ ಮಾಡಬೇಡಿ ಅಂತ ಕೆಲವರು. ಬೆಳ್ಳಿಯ ಬಗ್ಗೆ ಮಾತಾಡೋರು ಯಾರೂ ಇಲ್ಲವಾ ಅಂತ ಅಡುಗೆ ಕೆಲಸದ ಅಮ್ಮ ಬಾಗಿಲಲ್ಲಿ ನಿಂತು ಕೇಳಿದಾಗ ನಾವೆಲ್ಲ ತಲೆ ತಗ್ಗಿಸಿದೆವು. ಬೆಳಗಿನ ಜಾವದ ತನಕ ಮಾತು ನಡೆಯಿತು. ಆ ರಾತ್ರಿ ಅಂಗಳದಲ್ಲಿ ಕೂತಿದ್ದವರಲ್ಲಿ ಆಮೇಲೆ ಎಷ್ಟು ಜನ ಚಳವಳಿಗೆ ಬಂದರು ಅಂತ ನಮಗೆ ಗೊತ್ತು, ಯಾಕೆಂದರೆ ನಾವೇ ಅವರು.

ಇಷ್ಟು ಹೇಳಿದ ಮೇಲೆ ಅದು ಹೇಗೆ ಹೋಯಿತು ಅನ್ನುವುದನ್ನೂ ಹೇಳಬೇಕು. 1982ರ ಏಷ್ಯಾಡ್ ಹೊತ್ತಿಗೆ ಬಣ್ಣದ ಟಿ.ವಿ. ಬಂತು, 1987ರಲ್ಲಿ ರಾಮಾಯಣ ಬಂತು. ಭಾನುವಾರ ಬೆಳಿಗ್ಗೆ ಟಿ.ವಿ. ಇದ್ದವರ ಮನೆ ಕಿಟಕಿ ಹೊರಗೆ ನಿಂತು ನೋಡುವುದು ನಮ್ಮ ಪಾಲಾಯಿತು. ಟೆಂಟಿನಲ್ಲಿ ಒಳಗೆ ಕೂರುತ್ತಿದ್ದವರು ಮತ್ತೆ ಕಿಟಕಿಯ ಹೊರಗೆ ಬಂದೆವು. ವಿಡಿಯೋ ಬಂತು, ಕೇಬಲ್ ಬಂತು. ಟೆಂಟುಗಳು ಒಂದೊಂದಾಗಿ ಎದ್ದವು. ಪೇಟೆಗಳಲ್ಲಿ ಟಾಕೀಸಿನ ನೆಲದ ಬೆಲೆ ಟಾಕೀಸಿನ ಸಂಪಾದನೆಗಿಂತ ಮೇಲೆ ಹೋಯಿತು. ವಾರಸುದಾರರು ಅಣ್ಣ ತಮ್ಮಂದಿರು ಪಾಲು ಕೇಳಿದರು. ಕಲ್ಯಾಣ ಮಂಟಪ ಆಯಿತು, ಕಾಂಪ್ಲೆಕ್ಸು ಆಯಿತು.

ಆಮೇಲಿನದು ರೀಲಿನ ಸಾವು. 2005ರ ಆಸುಪಾಸು ಡಿಜಿಟಲ್ ಯಂತ್ರ ಬಂದು 2014ರ ಹೊತ್ತಿಗೆ ಸೆಲ್ಯುಲಾಯ್ಡ್ ರೀಲು ಹೆಚ್ಚುಕಮ್ಮಿ ಮಾಯವಾಯಿತು. ಮೇಲ್ನೋಟಕ್ಕೆ ಇದು ಸಮಾನತೆ. ಬೆಂಗಳೂರಿನಲ್ಲಿ ಬಂದ ದಿನವೇ ತಾಲ್ಲೂಕಿನಲ್ಲೂ ಬರುತ್ತದೆ, ಎ ಬಿ ಸಿ ಸೆಂಟರ್ ಹೋಯಿತು. ಆದರೆ ಹೊಸ ಯಂತ್ರಕ್ಕೆ ಲಕ್ಷಗಟ್ಟಲೆ ಹಾಕಬೇಕು, ಇಲ್ಲವೇ ಕಂಪನಿಗೆ ವಾರ ವಾರ ಬಾಡಿಗೆ ಕಟ್ಟಬೇಕು. ಎಲ್ಲ ಕಡೆ ಒಂದೇ ದಿನ ಬಂದ ಚಿತ್ರ ಎಲ್ಲ ಕಡೆ ಒಂದೇ ವಾರಕ್ಕೆ ಸಾಯುತ್ತದೆ. ಹಳೇ ಪ್ರಿಂಟು ಊರೂರು ಅಲೆಯುವ ದಾರಿಯೇ ಮುಚ್ಚಿತು. ಕಾರ್ಬನ್ ಕಡ್ಡಿ ಹಚ್ಚಿ ಕಣ್ಣು ಕಳಕೊಂಡ ಆಪರೇಟರು, ಗೇಟಿನಲ್ಲಿ ಟಿಕೀಟು ಹರಿಯುವವನು, ಪೋಸ್ಟರಿಗೆ ಮೈದಾ ಅಂಟು ಕಲಸುವ ಹುಡುಗ, ಇವರಲ್ಲಿ ನಮ್ಮ ಕೇರಿಯವರು ಎಷ್ಟಿದ್ದರು ಅಂತ ಯಾರೂ ಎಣಿಸಲಿಲ್ಲ. ಯಾರಿಗೂ ಪರಿಹಾರವೂ ಇಲ್ಲ, ಪಿಂಚಣಿಯೂ ಇಲ್ಲ.

ಬೆಂಗಳೂರಿನ ಕೆಂಪೇಗೌಡ ರಸ್ತೆಯಲ್ಲಿ ಸಾಲಾಗಿದ್ದ ಟಾಕೀಸುಗಳಲ್ಲಿ ಸಾಗರ್, ಹಿಮಾಲಯ, ಮೆಜೆಸ್ಟಿಕ್ ಹೋದವು, ಹತ್ತಿರದ ಕಪಾಲಿಯೂ ಹೋಯಿತು. ಮಹಾತ್ಮ ಗಾಂಧಿ ರಸ್ತೆಯ ಪ್ಲಾಜಾ ಇದ್ದ ಜಾಗದಲ್ಲಿ ಮೆಟ್ರೋ ಬಂತು. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಯ ದಿನ ಮುಚ್ಚಿತು. 2020ರ ಮಾರ್ಚಿನಲ್ಲಿ ಕೊರೋನಾಕ್ಕೆ ಎಲ್ಲ ಟಾಕೀಸುಗಳಿಗೂ ಬೀಗ ಬಿತ್ತು. ಅಕ್ಟೋಬರಿನಲ್ಲಿ ತೆಗೆಯಲು ಅಪ್ಪಣೆ ಸಿಕ್ಕರೂ ಎಷ್ಟೋ ಬೀಗ ತೆಗೆಯಲೇ ಇಲ್ಲ. ಮೈಸೂರಿನ ಶಾಂತಲಾ ಆ ವರ್ಷ ಮುಚ್ಚಿತು. ಶಾಂತಲೆ ನಮ್ಮ ಬೇಲೂರಿನ ರಾಣಿ. ಕಲ್ಲಿನ ಶಾಂತಲೆಗೆ ಕಾವಲಿದೆ, ಟಾಕೀಸಿನ ಶಾಂತಲೆಗೆ ಇಲ್ಲ.

ಕಲ್ಲಿನ ಮಾತು ಬಂತು. ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳನ್ನು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋದವರು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. ಗುಡಿಯ ಸುತ್ತ ನೂರು ಮೀಟರಿನೊಳಗೆ ಹೊಸ ಇಟ್ಟಿಗೆ ಇಡುವಂತಿಲ್ಲ ಅಂತ ಕೇಂದ್ರದ ಕಾನೂನಿದೆ. ಆಗಲಿ, ಕಲ್ಲು ಉಳಿಯಲಿ, ನಮ್ಮದೇನೂ ತಕರಾರಿಲ್ಲ. ಬೇಲೂರಿನ ಶಿಲ್ಪಗಳ ಕೆಳಗೆ ದಾಸೋಜ, ಚಾವಣ ಅಂತ ಕೆತ್ತಿದವರ ಹೆಸರಿದೆ. ಜಕಣಾಚಾರಿಯ ಹೆಸರು ಮಾತ್ರ ಕಥೆಯಲ್ಲಿದೆ, ಮತ್ತು 1964ರಲ್ಲಿ ಬಿ.ಎಸ್. ರಂಗಾ ಮಾಡಿದ 'ಅಮರಶಿಲ್ಪಿ ಜಕಣಾಚಾರಿ'ಯಲ್ಲಿದೆ. ಕನ್ನಡದ ಮೊದಲ ಪೂರ್ತಿ ಬಣ್ಣದ ಚಿತ್ರ ಅದು. ಆ ಗುಡಿ ನೋಡಲು ದೇಶ ವಿದೇಶದಿಂದ ಬಸ್ಸು ಬರುತ್ತವೆ. ಆ ಗುಡಿಯ ಕಥೆಯ ಚಿತ್ರವನ್ನು ಬೇಲೂರಿನ ಹಾಸ್ಟೆಲ್ ಹುಡುಗ ಪರದೆಯ ಮೇಲೆ ನೋಡಬೇಕು ಅಂದರೆ ಎಲ್ಲಿಗೆ ಹೋಗಬೇಕು? ಒಂಬೈನೂರು ವರ್ಷದ ಕಲ್ಲು ಉಳಿಸಿಕೊಂಡ ನಾಡು, 1934ರ ಮೊದಲ ಕನ್ನಡ ಟಾಕಿ 'ಸತಿ ಸುಲೋಚನ'ದ ಒಂದು ಪ್ರಿಂಟನ್ನೂ ಉಳಿಸಿಕೊಳ್ಳಲಿಲ್ಲ. ಈಗ ಬೇಕೆಂದರೂ ಅದನ್ನು ನೋಡಲಾಗದು.

ಫೋನಿದೆಯಲ್ಲ, ಎಲ್ಲಾ ಅದರಲ್ಲೇ ಸಿಗ್ತದೆ ಅಂತ ಚಿಕ್ಕವರು ವಾದ ಮಾಡಿದರು. ಇದು ತಳ್ಳಿಹಾಕುವ ಮಾತಲ್ಲ. ನಾಗರಾಜ ಮಂಜುಳೆಯ 'ಫ್ಯಾಂಡ್ರಿ'ಯನ್ನು ನಮ್ಮ ಹುಡುಗರು ನೋಡಿದ್ದು ಫೋನಿನಲ್ಲೇ. ತಮಿಳಿನ 'ಜೈ ಭೀಮ್' 2021ರಲ್ಲಿ ಟಾಕೀಸಿಗೆ ಬರಲೇ ಇಲ್ಲ, ನೇರ ಫೋನಿಗೆ ಬಂತು, ಕನ್ನಡದಲ್ಲೂ ಮಾತಾಡಿತು. ಹಿಂದೆ ಇಂಥ ಚಿತ್ರ ನಮ್ಮ ಕೈಗೆ ಸಿಗುತ್ತಲೇ ಇರಲಿಲ್ಲ ಅನ್ನುವುದನ್ನು ಒಪ್ಪುತ್ತೇವೆ. ಜಬ್ಬಾರ್ ಪಟೇಲರು ಬಾಬಾಸಾಹೇಬರ ಚಿತ್ರ ಮಾಡಿದರು, ಮಮ್ಮೂಟ್ಟಿ ನಟಿಸಿ ರಾಷ್ಟ್ರಪ್ರಶಸ್ತಿ ಪಡೆದರು. ನಮ್ಮ ಕಡೆಯ ಎಷ್ಟು ಟಾಕೀಸಿನವರು ಅದನ್ನು ಹಾಕಿದರು? ಹಾಗಾಗಿ ಟಾಕೀಸಿನವನು ನಮ್ಮ ನೆಂಟನೇನಲ್ಲ.

ಆದರೆ ನಮ್ಮ ಪ್ರಶ್ನೆ ಬೇರೆ. 'ಜೈ ಭೀಮ್' ನೋಡಿ ಎದೆ ಉರಿದಾಗ ಪಕ್ಕದಲ್ಲಿ ಯಾರಿದ್ದರು? ನಲವತ್ತು ಹುಡುಗರ ಹಾಸ್ಟೆಲಿನಲ್ಲಿ ನಲವತ್ತು ಜನ ನಲವತ್ತು ಮೂಲೆಯಲ್ಲಿ ಕಿವಿಗೆ ಬಿರಡೆ ಹಾಕಿಕೊಂಡು ನೋಡಿದರು. ಪೋಲೀಸು ಲಾಕಪ್ಪಿನ ದೃಶ್ಯ ಒಬ್ಬೊಬ್ಬರಾಗಿ ನೋಡಿ, ಒಬ್ಬೊಬ್ಬರಾಗಿ ಅತ್ತು, ಮುಂದಿನ ಐದು ನಿಮಿಷಕ್ಕೆ ಬೆರಳು ತಳ್ಳಿ ಕುಣಿತದ ತುಣುಕಿಗೆ ಹೋದರು. ಮುಖ್ಯವಾಗಿ, ಊರಿನವರ ಮಕ್ಕಳು ಅದನ್ನು ನೋಡಲೇ ಇಲ್ಲ. ಫೋನು ಅವರವರಿಗೆ ಬೇಕಾದ್ದನ್ನೇ ಅವರವರಿಗೆ ತೋರಿಸುತ್ತದೆ. ಕೇರಿಗೆ ಕೇರಿಯ ಸಿನಿಮಾ, ಊರಿಗೆ ಊರಿನ ಸಿನಿಮಾ. ಟೆಂಟಿನಲ್ಲಿ ಭೂತಯ್ಯನ ಥರದವರು ಕುರ್ಚಿಯಲ್ಲಿ ಕೂತು ನಮ್ಮ ಶಿಳ್ಳೆ ಕೇಳಬೇಕಾಗಿತ್ತು. ಈಗ ಯಾರೂ ಯಾರ ಶಿಳ್ಳೆಯನ್ನೂ ಕೇಳಬೇಕಾಗಿಲ್ಲ. ಮುಟ್ಟಬಾರದು ಅನ್ನುವ ಕಾಯಿಲೆಗೆ ಇದಕ್ಕಿಂತ ಅನುಕೂಲದ ಯಂತ್ರ ಇನ್ನೊಂದಿಲ್ಲ.

ಹಾಗಾದರೆ ಮಾಲಿನ ಮಲ್ಟಿಪ್ಲೆಕ್ಸಿಗೆ ಹೋಗಿ ಅಂತಾರೆ. ಲೆಕ್ಕ ಹಾಕೋಣ. ಟಿಕೀಟು ಇನ್ನೂರು ರೂಪಾಯಿಗಿಂತ ಹೆಚ್ಚಿರಬಾರದು ಅಂತ ರಾಜ್ಯ ಸರ್ಕಾರ 2025ರ ಸೆಪ್ಟೆಂಬರಿನಲ್ಲಿ ನಿಯಮ ಮಾಡಿತು. ಮಾಲಿನವರು ಹೈಕೋರ್ಟಿಗೆ ಹೋದರು, ಅದೇ ತಿಂಗಳು ತಡೆಯಾಜ್ಞೆ ಬಂತು. ತಡೆಯಾಜ್ಞೆ ಬಿಡಿ, ಇನ್ನೂರೇ ಆಗಲಿ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಗಂಡ ಹೆಂಡತಿ ಎರಡು ಮಕ್ಕಳು ಹೋದರೆ 800. ಎರಡು ದಿನ ಮಣ್ಣು ಹೊತ್ತರೂ ಸಾಲದು, ಬಸ್ ಚಾರ್ಜು ಬೇರೆ. ನೂರು ರೂಪಾಯಿಯೊಳಗಿನ ಟಿಕೀಟಿಗೆ ಜಿಎಸ್‌ಟಿ 2017ರಲ್ಲಿ ಶೇಕಡಾ 18 ಇತ್ತು, 2019ರಲ್ಲಿ 12 ಆಯಿತು, 2025ರ ಸೆಪ್ಟೆಂಬರಿನಲ್ಲಿ 5ಕ್ಕೆ ಇಳಿಯಿತು. ಅಗ್ಗದ ಟಾಕೀಸುಗಳು ಸತ್ತ ಮೇಲೆ ಅಗ್ಗದ ಟಿಕೀಟಿನ ತೆರಿಗೆ ಇಳಿಸಿದರು! ಸರ್ಕಾರದ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವವನ್ನೂ ವರ್ಷಗಟ್ಟಲೆ ರಾಜಾಜಿನಗರದ ಮಾಲಿನಲ್ಲೇ ನಡೆಸಿದರು. ಅಲ್ಲಿಗೆ ಹೋದ ನಮ್ಮ ಇಬ್ಬರು ಹುಡುಗರು ಚಿತ್ರ ನೋಡಿದ್ದಕ್ಕಿಂತ ಹೆಚ್ಚಾಗಿ, ಕಾವಲಿನವನು ತಮ್ಮ ಚಪ್ಪಲಿ ನೋಡಿದ್ದನ್ನು ನೆನಪಿಟ್ಟುಕೊಂಡು ಬಂದರು.

ಹೊರದೇಶದಲ್ಲೂ ಈ ಸಾವು ನಡೆದಿದೆ. ನ್ಯೂಯಾರ್ಕಿನ ಬ್ಲೀಕರ್ ಸ್ಟ್ರೀಟ್ ಸಿನೆಮಾ 1990ರಲ್ಲಿ, ಲಂಡನ್ನಿನ ಸ್ಕಾಲಾ 1993ರಲ್ಲಿ ಮುಚ್ಚಿದವು. ಅಲ್ಲಿ ಬಾಡಿಗೆ ಏರಿತು, ಜನ ಮನೆಯಲ್ಲೇ ವಿಡಿಯೋ ಹಾಕಿಕೊಂಡರು. ಆದರೆ ಅವರಿಗೆ ಮ್ಯೂಸಿಯಂ ಉಳಿಯಿತು, ಯೂನಿವರ್ಸಿಟಿ ಉಳಿಯಿತು, ಅಲ್ಲಲ್ಲಿ ಹಟ ಹಿಡಿದ ಒಂದೆರಡು ಮಂದಿರ ಉಳಿದವು. ಬೆಂಗಳೂರಿನವರಿಗೆ 1971ರಲ್ಲಿ ಶುರುವಾದ ಸುಚಿತ್ರಾ ಫಿಲಂ ಸೊಸೈಟಿ ಇದೆ. ಅರಸೀಕೆರೆಗೆ ಏನಿದೆ?

ಕೈ ಕಟ್ಟಿ ಕೂರಬೇಕಾಗಿಲ್ಲ ಅನ್ನುವುದಕ್ಕೆ ಎರಡು ಉದಾಹರಣೆ ನಮ್ಮ ಸುತ್ತಲೇ ಇವೆ. ಹೆಗ್ಗೋಡು ಸಾಗರದ ಹತ್ತಿರದ ಹಳ್ಳಿ. ಅಲ್ಲಿ ಕೆ.ವಿ. ಸುಬ್ಬಣ್ಣನವರು ನೀನಾಸಂನಿಂದ 1973ರಲ್ಲಿ ಚಿತ್ರಸಮಾಜ ಕಟ್ಟಿ, ಆ ದಶಕದಲ್ಲೇ ಹಳ್ಳಿಯವರಿಗೆ 'ಪಥೇರ್ ಪಾಂಚಾಲಿ', 'ರಾಶೊಮಾನ್', 'ಬೈಸಿಕಲ್ ಥೀವ್ಸ್' ತೋರಿಸಿದರು. ಜಪಾನಿ ಮಾತು ಅಡಿಕೆ ಸುಲಿಯುವವರಿಗೆ ಏನು ತಿಳೀತದೆ ಅಂತ ಪಂಡಿತರು ನಕ್ಕಿದ್ದರು. ಕಳುವಾದ ಸೈಕಲ್ಲಿಗಾಗಿ ಕೂಲಿಯವನೊಬ್ಬ ಮಗನ ಕೈ ಹಿಡಿದು ಅಲೆಯುವುದು ತಿಳಿಯೋದಕ್ಕೆ ಇಟಲಿ ಭಾಷೆ ಬೇಕಾ? ಅದು ಅಡಿಕೆ ತೋಟದವರ ಊರು, ನಮ್ಮದು ಆ ಊರಲ್ಲ ಅನ್ನುವುದು ನಿಜ. ಆದರೆ ಕಲಿಯುವುದಕ್ಕೆ ಏನಡ್ಡಿ? ಇನ್ನೊಂದು ಕೇರಳದ್ದು. 1984ರಲ್ಲಿ ಜಾನ್ ಅಬ್ರಹಾಂ ಮತ್ತು ಗೆಳೆಯರು ಒಡೆಸ್ಸಾ ಅಂತ ಕೂಟ ಕಟ್ಟಿ, ಊರೂರು ತಿರುಗಿ ಚಿತ್ರ ತೋರಿಸಿ, ಜನರ ಹತ್ತಿರ ಚಿಲ್ಲರೆ ಚಂದಾ ಎತ್ತಿ, 1986ರಲ್ಲಿ 'ಅಮ್ಮ ಅರಿಯಾನ್' ಎಂಬ ಚಿತ್ರವನ್ನೇ ಮಾಡಿದರು. ಅದನ್ನು ಮತ್ತೆ ಊರೂರಿಗೆ ಹೊತ್ತು ತೋರಿಸಿದರು. ಬಂಡವಾಳಗಾರನ ಮನೆ ಬಾಗಿಲಿಗೆ ಹೋಗಲಿಲ್ಲ. ಆಗ ಪ್ರೊಜೆಕ್ಟರ್ ಹೊರಲು ಇಬ್ಬರು ಬೇಕಾಗಿತ್ತು. ಈಗ ಅದು ಚೀಲದೊಳಗೆ ಕೂರುತ್ತದೆ.

ನಾವು ಕೇಳುವುದು ದೊಡ್ಡದೇನಲ್ಲ. ಎಷ್ಟೋ ತಾಲ್ಲೂಕುಗಳಲ್ಲಿ ಅಂಬೇಡ್ಕರ್ ಭವನ ಕಟ್ಟಿದ್ದಾರೆ. ಏಪ್ರಿಲ್ 14ಕ್ಕೆ ಹಾರ ಬೀಳುತ್ತದೆ, ಉಳಿದ ದಿನ ಮದುವೆ ಇಲ್ಲವೇ ಬೀಗ. ತಿಂಗಳಿಗೆ ಒಂದು ದಿನ ಅಲ್ಲಿ ಹಳೇ ಚಿತ್ರ ತೋರಿಸಲಿ. ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲುಗಳಿಗೆ ಟಿ.ವಿ. ಕೊಡುತ್ತದೆ, ಒಂದು ಪ್ರೊಜೆಕ್ಟರೂ ಕೊಡಲಿ. ಪುಣೆಯಲ್ಲಿ 1964ರಿಂದ ಸರ್ಕಾರದ ಚಿತ್ರಭಂಡಾರ ಇದೆ. 2022ರಲ್ಲಿ ಅದನ್ನು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮಕ್ಕೆ ಸೇರಿಸಿದ್ದಾರೆ. ಅವರಿಗೂ, ಹಕ್ಕುಳ್ಳ ನಿರ್ಮಾಪಕರಿಗೂ ಕಾಗದ ಬರೆದು ಒಪ್ಪಿಗೆ ತಗೊಳ್ಳೋಣ, ಕದ್ದು ತೋರಿಸುವುದು ಬೇಡ. ಇನ್ನೂ ಉಸಿರಾಡುತ್ತಿರುವ ಟಾಕೀಸು ಎಲ್ಲಾದರೂ ಇದ್ದರೆ, ಖಾಲಿ ಬೀಳುವ ಬೆಳಗಿನ ಆಟವನ್ನು ನಮಗೆ ಕೊಡಿ ಅಂತ ಮಾಲೀಕರನ್ನು ಕೇಳೋಣ. ಖಾಲಿ ಕುರ್ಚಿಗಿಂತ ಇಪ್ಪತ್ತು ರೂಪಾಯಿಯ ಇನ್ನೂರು ಹುಡುಗರು ವಾಸಿ ಅನ್ನುವುದು ಅವರಿಗೂ ಗೊತ್ತು. ಊರಿನವರ ಮಕ್ಕಳನ್ನೂ ಕರೆಯಬೇಕು. ಬರೀ ನಾವೇ ಕೂತು ನೋಡಿದರೆ ಅದೂ ಒಂದು ಕೇರಿಯೇ ಆಗುತ್ತದೆ. ಚಿತ್ರ ಮುಗಿದ ಮೇಲೆ ಯಾರೂ ಏಳಬಾರದು, ಮಾತಾಡಬೇಕು. ಭಾಷಣ ಬೇಡ, ಅಧ್ಯಕ್ಷರು ಬೇಡ, ಹಾರ ತುರಾಯಿ ಬೇಡ.

ಈ ಬರಹದ ಕರಡನ್ನು ಹಾಸ್ಟೆಲುಗಳಿಗೆ ಕಳಿಸಿದಾಗ ಹೆಣ್ಣುಮಕ್ಕಳ ಹಾಸ್ಟೆಲಿನಿಂದ ಒಂದು ಚೀಟಿ ಬಂತು. "ನೀವು ಬರೆದಿರೋದೆಲ್ಲ ರಾತ್ರಿ ಆಟದ ಕಥೆ. ನಮ್ಮ ಗೇಟು ಸಾಯಂಕಾಲಕ್ಕೇ ಹಾಕ್ತಾರೆ. ಅಂಗಳದಲ್ಲಿ ಚೋಮನ ದುಡಿ ನೋಡಿದವರಲ್ಲಿ ಅಡುಗೆ ಅಮ್ಮ ಬಿಟ್ಟರೆ ಇನ್ನೊಬ್ಬ ಹೆಂಗಸು ಇದ್ದಳಾ?" ಅಂತ ಕೇಳಿದ್ದಾರೆ. ಇರಲಿಲ್ಲ. ಆದ್ದರಿಂದ ಆಟ ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಇಡುವುದು, ನಡುವೆ ಹಗ್ಗ ಕಟ್ಟಬಾರದು ಅಂತ ತೀರ್ಮಾನವಾಗಿದೆ. ಮೊದಲ ಚಿತ್ರ 'ಚೋಮನ ದುಡಿ'ಯೇ ಆಗಬೇಕು ಅಂತ ತಲೆ ನೆರೆತವರು, 'ಫ್ಯಾಂಡ್ರಿ' ಆಗಬೇಕು ಅಂತ ಚಿಕ್ಕವರು. ಜಗಳ ಇನ್ನೂ ನಡೀತಾ ಇದೆ. ಬೆಡ್‌ಶೀಟು ಮಾತ್ರ ಎರಡು ಹೊಲಿದು ಇಟ್ಟಿದ್ದೇವೆ.